ಲಂಡನ್ನಿಂದ ಪ್ಯಾರಿಸ್ಸಿಗೆ: ಮನೆ ಬಾಗಿಲಿಂದ ಲೆಕ್ಕ ಹಾಕಿ

ಓದು, ಕೆಲಸ ಅಂತ ಲಂಡನ್ನಿನಲ್ಲಿ ನೆಲೆಸಿರುವ ಮಕ್ಕಳೇ, ಊರಿಂದ ಅಪ್ಪ-ಅಮ್ಮ ಬಂದರೆ ಪ್ಯಾರಿಸ್ ತೋರಿಸದೆ ಕಳಿಸಲು ನಿಮಗೂ ಮನಸ್ಸು ಬರುವುದಿಲ್ಲ. ಟಿಕೆಟ್ ಮಾಡಿಸುವ ಮುಂಚೆ ಹಿರಿಯರ ನಾಲ್ಕು ಮಾತು ಕೇಳಿ.

• ವೀಸಾ ಮೊದಲು, ಟಿಕೆಟ್ ಆಮೇಲೆ. ಬ್ರಿಟನ್ನಿನ ವೀಸಾ ಫ್ರಾನ್ಸಿಗೆ ನಡೆಯುವುದಿಲ್ಲ. ಷೆಂಗೆನ್ ವೀಸಾ ಬೇರೆಯೇ ಬೇಕು. ಅಪ್ಪ-ಅಮ್ಮ ಅದನ್ನು ಭಾರತದಲ್ಲೇ ಮಾಡಿಸಿಕೊಂಡು ಹೊರಡಲಿ.

• ನೇರ ಗೆರೆ ಎಳೆದರೆ ಎರಡೂ ಊರಿನ ನಡುವೆ ಸುಮಾರು 340 ಕಿ.ಮೀ. ಕಾರಿನಲ್ಲಿ ಹೊರಟರೆ ಕಡಲುದಾರಿಯೂ ಸೇರಿ 450 ದಾಟುತ್ತದೆ. ದೂರ ಎಷ್ಟು ಎನ್ನುವ ಮುಂಚೆ ಯಾವ ದಾರಿ ಎಂದು ಗೊತ್ತುಮಾಡಿಕೊಳ್ಳಿ.

• ವಿಮಾನದ ಟಿಕೆಟ್ಟಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು ಎಂದಿರುತ್ತದೆ. ಅದರಲ್ಲಿ ಹಾರಾಟ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಮಿಕ್ಕಿದ್ದು ರನ್‌ವೇಗೆ ತೆವಳುವುದಕ್ಕೆ, ಸರದಿ ಕಾಯುವುದಕ್ಕೆ, ಇಳಿದು ಗೇಟು ಸೇರುವುದಕ್ಕೆ.

• ಪ್ಯಾರಿಸ್ಸಿನ ಗಡಿಯಾರ ವರ್ಷವಿಡೀ ಒಂದು ಗಂಟೆ ಮುಂದೆ. ಬೆಳಿಗ್ಗೆ 9ಕ್ಕೆ ಹೊರಟ ವಿಮಾನ ಅಲ್ಲಿ 11.20ಕ್ಕೆ ಇಳಿಯಿತೆಂದರೆ ಪ್ರಯಾಣ 1 ಗಂಟೆ 20 ನಿಮಿಷವೇ. ವಾಪಸ್ ಬರುವಾಗ 9ಕ್ಕೆ ಹೊರಟು 9.20ಕ್ಕೇ ಇಳಿಯುತ್ತೀರಿ. ಊರಿಗೆ ಹೋಗುವ ಮುಂದಿನ ವಿಮಾನ ಹಿಡಿಯುವುದಿದ್ದರೆ ಈ ಒಂದು ಗಂಟೆ ತಪ್ಪಿ ಎಣಿಸಬೇಡಿ.

• ಅಗ್ಗದ ಟಿಕೆಟ್ ಕಂಡರೆ ಯಾವ ವಿಮಾನ ನಿಲ್ದಾಣ ಎಂದು ನೋಡಿ. ಲೂಟನ್, ಗ್ಯಾಟ್ವಿಕ್ ಎರಡೂ ಲಂಡನ್ನಿನ ನಡುವಿನಿಂದ ಸುಮಾರು 45 ಕಿ.ಮೀ. ಆಚೆ. ಅತ್ತ ಶಾರ್ಲ್ ದ ಗಾಲ್‌ನಿಂದ ಪ್ಯಾರಿಸ್ ಪೇಟೆಗೆ ಇನ್ನೂ 25 ಕಿ.ಮೀ. ನಿಲ್ದಾಣಕ್ಕೆ ಒಂದು ಗಂಟೆ, ಎರಡು ಗಂಟೆ ಮೊದಲೇ ಹಾಜರಿ, ಹಾರಾಟ, ಪಾಸ್‌ಪೋರ್ಟ್ ಸಾಲು, ಮತ್ತೆ ರೈಲು: ಎಲ್ಲ ಕೂಡಿಸಿದರೆ ಐದೂವರೆ ಗಂಟೆಗೆ ಕಡಿಮೆಯಿಲ್ಲ.

• ಯೂರೋಸ್ಟಾರ್ ರೈಲು ಸೇಂಟ್ ಪ್ಯಾಂಕ್ರಾಸ್‌ನಿಂದ ಪ್ಯಾರಿಸ್ಸಿನ ಗಾರ್ ದ್ಯು ನೋರ್‌ಗೆ ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಟ್ಟಿಸುತ್ತದೆ. ಈ ರೈಲು ಹಾಯುವ, 1994ರಲ್ಲಿ ತೆರೆದ ಸುರಂಗ ಸುಮಾರು 50 ಕಿ.ಮೀ. ಉದ್ದ, ಅದರಲ್ಲಿ 38 ಕಿ.ಮೀ. ಕಡಲ ತಳದ ಕೆಳಗೆ. ಫ್ರೆಂಚ್ ಪೊಲೀಸರು ಲಂಡನ್ನಿನಲ್ಲೇ ಪಾಸ್‌ಪೋರ್ಟ್ ತಪಾಸಣೆ ಮುಗಿಸುವುದರಿಂದ, ಪ್ಯಾರಿಸ್ಸಿನಲ್ಲಿ ಇಳಿದ ಕೂಡಲೇ ಬೀದಿಗೆ ಬರಬಹುದು. ಒಂದೂವರೆ ಗಂಟೆ ಮುಂಚೆ ಹೋಗಿ ನಿಂತರೂ ನಾಲ್ಕು ಗಂಟೆಯಲ್ಲಿ ಊರ ನಡುವಿರುತ್ತೀರಿ.

• ಕೆಲವು ವಿಮಾನ ನಿಲ್ದಾಣಗಳಲ್ಲಿರುವಂತೆ ರೈಲಿನಲ್ಲಿ ನೀರು, ಎಣ್ಣೆಗೆ 100 ಮಿ.ಲೀ. ಕಟ್ಟಳೆಯಿಲ್ಲ. ಆದರೆ ಬ್ರಿಟನ್ನಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಅಮ್ಮ ತಂದ ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ.

• ರಾತ್ರಿ ಬಸ್ಸು ಅಗ್ಗ, ನಿಜ. ಎಂಟು-ಒಂಬತ್ತು ಗಂಟೆ ಕೂರಬೇಕು. ನಡುರಾತ್ರಿ ಕೆಳಗಿಳಿಸಿ ಪಾಸ್‌ಪೋರ್ಟ್ ನೋಡುತ್ತಾರೆ. ಅದು ನಿಮ್ಮ ವಯಸ್ಸಿಗೆ ಸರಿ.

ಮಂಡಿನೋವಿನ ಹಿರಿಯರು ಜೊತೆಗಿದ್ದರೆ ನಾಲ್ಕು ಕಾಸು ಹೆಚ್ಚಾದರೂ ರೈಲಿಗೇ ಹತ್ತಿಸಿ. ವಾರಗಟ್ಟಲೆ ಮುಂಚೆ ಮಾಡಿಸಿದರೆ ಆ ಹೆಚ್ಚಿನ ಕಾಸೂ ಎಷ್ಟೋ ಉಳಿಯುತ್ತದೆ.