ಅತಿಶೀತ ಡೀಫ್ಲ್ಯಾಷಿಂಗ್: ಮೀಡಿಯಾ ಆಯ್ಕೆ ಮತ್ತು ವೆಚ್ಚದ ಲೆಕ್ಕ

ರಬ್ಬರ್ ಬಿಡಿಭಾಗಗಳನ್ನು ಅಚ್ಚಿನಲ್ಲಿ ತಯಾರಿಸುವಾಗ ಅಚ್ಚಿನ ಹೋಳುಗಳ ಸಂದಿನಲ್ಲಿ ನುಸುಳಿ ಅಂಚಿಗೆ ಅಂಟಿಕೊಂಡು ಉಳಿಯುವ ತೆಳು ಪೊರೆಗೆ ಫ್ಲ್ಯಾಷ್ ಎಂದು ಹೆಸರು. ಓ-ರಿಂಗ್, ಸೀಲ್ ಮುಂತಾದ ಸಣ್ಣ ವಸ್ತುಗಳಲ್ಲಿ ಇದನ್ನು ಕೈಯಿಂದ ಕತ್ತರಿಸುವುದು ನಿಧಾನದ ಕೆಲಸ, ಗುಣಮಟ್ಟವೂ ಏಕರೂಪವಾಗಿರುವುದಿಲ್ಲ. ಇದಕ್ಕೆ ಪರ್ಯಾಯವೇ ಅತಿಶೀತ ಡೀಫ್ಲ್ಯಾಷಿಂಗ್.

ದ್ರವ ಸಾರಜನಕವು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಅದರಿಂದ ತಂಪುಗೊಳಿಸಿದ ಕೋಣೆಯಲ್ಲಿ ತೆಳುವಾದ ಫ್ಲ್ಯಾಷ್ ಮೊದಲು ಪೆಡಸಾಗುತ್ತದೆ. ದಪ್ಪವಾದ ಒಡಲು ಇನ್ನೂ ಮೆತುತನ ಉಳಿಸಿಕೊಂಡಿರುತ್ತದೆ. ಆಗ ತಿರುಗುವ ಚಕ್ರವು ಎಸೆಯುವ ಸಣ್ಣ ಕಣಗಳು ಫ್ಲ್ಯಾಷನ್ನು ಮುರಿಯುತ್ತವೆ. ಈ ಕಣಗಳೇ ಮೀಡಿಯಾ. ಅತಿಶೀತದಲ್ಲಿಯೂ ಸುಲಭವಾಗಿ ಒಡೆಯದ, ಮೇಲ್ಮೈಯನ್ನು ಉಜ್ಜಿ ಕೆಡಿಸದ ಪಾಲಿಕಾರ್ಬೊನೇಟ್ ಕಣಗಳ ಬಳಕೆ ಇದರಲ್ಲಿ ರೂಢಿಯಲ್ಲಿದೆ.

ಆಯ್ಕೆಯಲ್ಲಿ ಗಮನಿಸತಕ್ಕ ಅಂಶಗಳು:

1. ಗಾತ್ರ: ಕಣದ ವ್ಯಾಸ ಇಮ್ಮಡಿಯಾದರೆ ತೂಕ ಎಂಟು ಪಟ್ಟಾಗುತ್ತದೆ, ಹೊಡೆತವೂ ಬಲವಾಗುತ್ತದೆ. ಆದರೆ ಅದೇ ತೂಕದ ಮೀಡಿಯಾದಲ್ಲಿ ಕಣಗಳ ಸಂಖ್ಯೆ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದಪ್ಪ ಫ್ಲ್ಯಾಷ್‌ಗೆ ದೊಡ್ಡ ಕಣ, ಸೂಕ್ಷ್ಮ ಮೂಲೆಗಳಿಗೆ ಸಣ್ಣ ಕಣ ಯೋಗ್ಯ.

2. ರಂಧ್ರಗಳು: ರಂಧ್ರದ ಅಳತೆಗೆ ಸಮೀಪವಾದ ಕಣ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗೆ ಫ್ಲ್ಯಾಷ್ ಇದ್ದರೆ ಸ್ಪಷ್ಟವಾಗಿ ಚಿಕ್ಕದನ್ನೂ, ಇಲ್ಲದಿದ್ದರೆ ಸ್ಪಷ್ಟವಾಗಿ ದೊಡ್ಡದನ್ನೂ ಆರಿಸಬೇಕು.

3. ವಸ್ತುವಿನ ಗುಣ: ನೈಸರ್ಗಿಕ ರಬ್ಬರ್ ಸುಮಾರು ಮೈನಸ್ 70 ಡಿಗ್ರಿಯಲ್ಲಿ ಪೆಡಸಾದರೆ, ಸಿಲಿಕೋನ್‌ಗೆ ಸುಮಾರು ಮೈನಸ್ 120 ಡಿಗ್ರಿ ಬೇಕು. ತಂಪು ಸಾಲದಿದ್ದರೆ ಎಂತಹ ಮೀಡಿಯಾ ಹಾಕಿದರೂ ಫ್ಲ್ಯಾಷ್ ಬಾಗುವುದೇ ಹೊರತು ಮುರಿಯದು. ಹೆಚ್ಚಾದರೆ ಒಡಲೇ ಚೂರಾಗುತ್ತದೆ.

4. ಶುಷ್ಕತೆ ಮತ್ತು ಜರಡಿ: ತೇವವಿರುವ ಮೀಡಿಯಾ ಹಿಮಗಟ್ಟಿ ಗಡ್ಡೆಯಾಗುತ್ತದೆ. ಸವೆದ ಪುಡಿಯನ್ನೂ ಮುರಿದ ಫ್ಲ್ಯಾಷನ್ನೂ ಕಾಲಕಾಲಕ್ಕೆ ಬೇರ್ಪಡಿಸಬೇಕು.

ಇನ್ನು ಲೆಕ್ಕ. ಕಿಲೋ ದರವನ್ನು ಮಾತ್ರ ನೋಡಿ ಕೊಳ್ಳುವ ಉದ್ಯಮಿಯು ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳಬಹುದು. ತಿಳಿವಳಿಕೆಗಾಗಿ ಕೆಲವು ಅಂಕಿಗಳನ್ನು ಊಹಿಸೋಣ. ಒಂದು ಸರದಿಗೆ 1,000 ಬಿಡಿಭಾಗಗಳು. ಸಾರಜನಕ ಮತ್ತು ಯಂತ್ರದ ವೆಚ್ಚ ನಿಮಿಷಕ್ಕೆ 60 ರೂ.; ತಿರಸ್ಕೃತವಾದ ಪ್ರತಿ ಬಿಡಿಭಾಗದಿಂದ ನಷ್ಟ 4 ರೂ. ಕಿಲೋಗೆ 400 ರೂ. ದರದ ಮೊದಲನೆಯ ಮೀಡಿಯಾ ಸರದಿಗೆ 250 ಗ್ರಾಂ ಸವೆದು, 10 ನಿಮಿಷ ತೆಗೆದುಕೊಂಡು, 50 ಬಿಡಿಭಾಗಗಳನ್ನು ಕೆಡಿಸಿದರೆ ವೆಚ್ಚ 100, 600 ಮತ್ತು 200, ಒಟ್ಟು 900 ರೂ. ಉಳಿದ 950ಕ್ಕೆ ಹಂಚಿದರೆ ತಲಾ ಸುಮಾರು 95 ಪೈಸೆ. ಕಿಲೋಗೆ 500 ರೂ. ದರದ ಎರಡನೆಯದು 400 ಗ್ರಾಂ ಸವೆದರೂ 6 ನಿಮಿಷದಲ್ಲಿ ಮುಗಿಸಿ 10 ಬಿಡಿಭಾಗಗಳನ್ನು ಮಾತ್ರ ಕೆಡಿಸಿದರೆ ವೆಚ್ಚ 200, 360 ಮತ್ತು 40, ಒಟ್ಟು 600 ರೂ.; 990ಕ್ಕೆ ತಲಾ ಸುಮಾರು 61 ಪೈಸೆ. ದರದಲ್ಲಿಯೂ ಸವೆತದಲ್ಲಿಯೂ ದುಬಾರಿಯಾದ ಮೀಡಿಯಾವೇ ಇಲ್ಲಿ ಅಗ್ಗ.

ಆದುದರಿಂದ ಪ್ರತಿ ಸರದಿಯ ಸಮಯ, ಸಾರಜನಕದ ಬಳಕೆ, ಹೊಸದಾಗಿ ಸೇರಿಸಿದ ಮೀಡಿಯಾದ ತೂಕ ಮತ್ತು ತಿರಸ್ಕೃತ ಸಂಖ್ಯೆಯನ್ನು ದಾಖಲಿಸುವುದು ಅವಶ್ಯಕ. ಹೊರಗೆ ಜಾಬ್ ವರ್ಕ್ ಮಾಡಿಸುವವರೂ ದರದೊಡನೆ ತಿರಸ್ಕಾರದ ಮಿತಿಯನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ಕೊನೆಯದಾಗಿ, ಸೋರಿದ ಸಾರಜನಕವು ಮುಚ್ಚಿದ ಕೋಣೆಯಲ್ಲಿ ಸದ್ದಿಲ್ಲದೆ ಆಮ್ಲಜನಕದ ಪ್ರಮಾಣವನ್ನು ತಗ್ಗಿಸಿ ಪ್ರಾಣಾಪಾಯ ಒಡ್ಡುತ್ತದೆ. ಗಾಳಿಯ ಸಂಚಾರಕ್ಕೂ ಆಮ್ಲಜನಕ ಮಾಪಕಕ್ಕೂ ಮಾಡುವ ಖರ್ಚನ್ನು ಯಾವ ಉಳಿತಾಯದ ಹೆಸರಿನಲ್ಲಿಯೂ ಕಡಿತಗೊಳಿಸಬಾರದು.