ಪಿಸ್ತೂಲಿನ ಸ್ಪ್ರಿಂಗ್ ಬದಲಿಸಿದ ಮೇಲೆ

ನಮ್ಮ ಮನೆಯ ಉರ್ದುವಿನಲ್ಲಿ ಸ್ಪ್ರಿಂಗಿಗೆ ‘ಕಮಾನಿ’ ಎನ್ನುತ್ತಾರೆ. ಕಮಾನ್ ಎಂದರೆ ಬಿಲ್ಲು. ಕನ್ನಡದಲ್ಲಿ ಬಾಗಿಲ ಮೇಲಿನ ಕಮಾನೂ ಇದೇ ಪದ. ಹೆಸರು ಸರಿಯಾಗಿಯೇ ಇದೆ: ಬಿಲ್ಲಿನಂತೆ ಸ್ಪ್ರಿಂಗೂ ಒತ್ತಡವನ್ನು ಹಿಡಿದಿಟ್ಟುಕೊಂಡು ಬೇಕಾದಾಗ ಬಿಡುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರ ಕಡೆ ಕೋವಿ ಎಂದರೆ ತೋಟಕ್ಕೆ ನುಗ್ಗುವ ಹಂದಿ ಓಡಿಸುವ ಉದ್ದ ನಳಿಗೆಯ ಬಂದೂಕು. ಚುನಾವಣೆ ಬಂದರೆ ಅದನ್ನು ಠಾಣೆಗೆ ಒಪ್ಪಿಸಬೇಕು. ಪಿಸ್ತೂಲನ್ನು ನಾವು ನೋಡುವುದು ಪೊಲೀಸರ ಸೊಂಟದಲ್ಲಿ, ಇಲ್ಲವೇ ಟಿವಿಯ ಒಲಿಂಪಿಕ್ಸ್‌ನಲ್ಲಿ. ಅದರೊಳಗೆ ಒಂದಲ್ಲ, ಹಲವು ಸ್ಪ್ರಿಂಗ್‌ಗಳಿವೆ. ಗುಂಡು ಹಾರಿದಾಗ ಹಿಂದಕ್ಕೆ ಬಂದ ಸ್ಲೈಡನ್ನು ಒಂದು ಮತ್ತೆ ಮುಂದಕ್ಕೆ ತಳ್ಳುತ್ತದೆ. ಮ್ಯಾಗಜಿನ್‌ನಲ್ಲಿರುವುದು ಮುಂದಿನ ಗುಂಡನ್ನು ಮೇಲಕ್ಕೆತ್ತುತ್ತದೆ. ಸುತ್ತಿಗೆಯ ಹಿಂದಿನದು ಗುಂಡಿನ ತಳಕ್ಕೆ ಪೆಟ್ಟು ಕೊಡಿಸುತ್ತದೆ. ಟ್ರಿಗರ್‌ಗೆ ಬೇರೆಯೇ ಇದೆ.

ಸಾವಿರಾರು ಸಲ ಕುಗ್ಗಿ ಹಿಗ್ಗಿದ ಸ್ಪ್ರಿಂಗ್ ಸೋಲುತ್ತದೆ. ಹೊಸದರ ಪಕ್ಕದಲ್ಲಿಟ್ಟರೆ ಹಳೆಯದು ಗಿಡ್ಡವಾಗಿರುವುದು ಕಾಣುತ್ತದೆ. ಸುತ್ತಿಗೆಯ ಸ್ಪ್ರಿಂಗ್ ಸೋತರೆ ಪೆಟ್ಟು ಮೆತ್ತಗಾಗಿ ಗುಂಡು ಹಾರದೇ ಉಳಿಯಬಹುದು. ಮ್ಯಾಗಜಿನ್‌ನದು ಸೋತರೆ ಗುಂಡು ಹೊತ್ತಿಗೆ ಸರಿಯಾಗಿ ಮೇಲೆ ಬರುವುದಿಲ್ಲ.

ಕಾಮರ್ಸ್‌ನವರಿಗೆ ಇಲ್ಲೊಂದು ಲೆಕ್ಕವಿದೆ. ಪಿಸ್ತೂಲು ಕೊಂಡದ್ದು ಬಂಡವಾಳ ವೆಚ್ಚ, ವರ್ಷವರ್ಷ ಸವಕಳಿ ತೆಗೆಯುತ್ತೇವೆ. ಸ್ಪ್ರಿಂಗ್ ಬದಲಿಸಿದ್ದು ಕಂದಾಯ ವೆಚ್ಚ, ಏಕೆಂದರೆ ಅದು ಇದ್ದ ಶಕ್ತಿಯನ್ನು ಉಳಿಸುತ್ತದೆಯೇ ಹೊರತು ಹೊಸದನ್ನು ಸೇರಿಸುವುದಿಲ್ಲ. ಪರೀಕ್ಷೆಗೆ ಸುಟ್ಟ ಗುಂಡುಗಳ ಬೆಲೆಯನ್ನೂ ರಿಪೇರಿ ಖಾತೆಗೇ ಹಾಕಬೇಕೆಂದು ನನ್ನ ಅಭಿಪ್ರಾಯ. ಪರೀಕ್ಷೆ ಇಲ್ಲದ ರಿಪೇರಿ ಅರ್ಧ ರಿಪೇರಿ.

ಪರೀಕ್ಷೆ ಎಂದರೆ ಒಂದು ಗುಂಡು ಹಾರಿಸಿ ನೋಡುವುದಲ್ಲ. ಮೊದಲು ಗುಂಡಿಲ್ಲದೆ ಸ್ಲೈಡ್ ಸರಾಗವಾಗಿ ಓಡುತ್ತದೆಯೇ ನೋಡುತ್ತಾರೆ. ಆಮೇಲೆ ರೇಂಜ್‌ನಲ್ಲಿ ಎಲ್ಲ ಮ್ಯಾಗಜಿನ್‌ಗಳನ್ನೂ ತುಂಬಿ, ಎಲ್ಲಾದರೂ ಸಿಕ್ಕಿಕೊಳ್ಳುತ್ತದೆಯೇ, ಗುರಿಹಲಗೆಯ ತೂತುಗಳು ಒಂದೇ ಕಡೆ ಬೀಳುತ್ತವೆಯೇ ಎಂದು ಗಮನಿಸುತ್ತಾರೆ. ಸ್ಪರ್ಧೆಯಲ್ಲಿ ಟ್ರಿಗರನ್ನೂ ತೂಗುತ್ತಾರೆ: ನಳಿಗೆಯನ್ನು ಮೇಲ್ಮುಖವಾಗಿ ಹಿಡಿದು ಟ್ರಿಗರ್‌ಗೆ ಬಟ್ಟು ನೇತುಹಾಕಿ ಎತ್ತುತ್ತಾರೆ. 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ 500 ಗ್ರಾಂ, 25 ಮೀಟರ್ ಪಿಸ್ತೂಲಿನದು 1000 ಗ್ರಾಂ ತಡೆಯಬೇಕು. ಮೆತ್ತನೆ ಸ್ಪ್ರಿಂಗ್ ಹಾಕಿ ಟ್ರಿಗರನ್ನು ಹಗುರ ಮಾಡಿಕೊಂಡವರು ಅಲ್ಲೇ ಸಿಕ್ಕಿಬೀಳುತ್ತಾರೆ. ನಮ್ಮ ಸಂತೆಯ ತಕ್ಕಡಿ ಪರೀಕ್ಷೆಯೂ ಇದೇ ತರಹ.

ಏರ್ ಪಿಸ್ತೂಲಿನ 10ರ ವೃತ್ತ ಬರೀ 11.5 ಮಿಲಿಮೀಟರ್. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲ್ಯಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಯಂತ್ರ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು 2021ರ ಜುಲೈನಲ್ಲಿ ಟೋಕಿಯೊದಲ್ಲಿ ಕಂಡೆವು. ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೆಟ್ಟಿತು. 75 ನಿಮಿಷದಲ್ಲಿ 60 ಗುಂಡು ಹಾರಿಸಬೇಕು. ರಿಪೇರಿಗೆ ಹೋದ ಸಮಯ ಹೋದದ್ದೇ. ಅವರು 575 ಅಂಕ ಗಳಿಸಿ 12ನೆಯವರಾದರು, ಫೈನಲ್‌ಗೆ 8 ಮಂದಿಗಷ್ಟೇ ಜಾಗ. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು.

ಮೊಬೈಲ್‌ನಲ್ಲಿ ವಿದೇಶದವರು ಅಡುಗೆ ಮೇಜಿನ ಮೇಲೆ ಪಿಸ್ತೂಲು ಬಿಚ್ಚುವ ವಿಡಿಯೊಗಳನ್ನು ಗೆಳೆಯರು ನನಗೂ ಕಳಿಸುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ ಮಾಡಲೂ, ಪರೀಕ್ಷಿಸಲೂ ಪರವಾನಗಿ ಬೇಕು. 21 ತುಂಬದವರು ಇಟ್ಟುಕೊಳ್ಳುವಂತೆಯೇ ಇಲ್ಲ. ಕ್ರೀಡಾ ತರಬೇತಿಗೆ ಮಾತ್ರ ನಿಯಮದಂತೆ ವಿನಾಯಿತಿ. ಕಲಿಯುವ ಆಸೆ ಇರುವವರಿಗೆ ರೈಫಲ್ ಕ್ಲಬ್ ಇದೆ, ಎನ್‌ಸಿಸಿ ಇದೆ.