ವ್ರತಿಯ ಉಪವಾಸ, ತಾಯಿಯ ವೈಯಾವೃತ್ಯ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ತಪಸ್ಸನ್ನು ಬಾಹ್ಯ, ಅಭ್ಯಂತರ ಎಂದು ವಿಂಗಡಿಸಿ ಒಂದೊಂದಕ್ಕೆ ಆರಾರು ಭೇದಗಳನ್ನು ಹೇಳಿದ್ದಾರೆ. ವ್ರತವೆಂದೊಡನೆ ನಮ್ಮ ನೆನಪಿಗೆ ಬರುವ ಅನಶನವು ಬಾಹ್ಯ ತಪಸ್ಸುಗಳಲ್ಲಿ ಮೊದಲನೆಯದು. ಅಭ್ಯಂತರ ತಪಸ್ಸುಗಳಲ್ಲಿ ಪ್ರಾಯಶ್ಚಿತ್ತ, ವಿನಯಗಳ ತರುವಾಯ ವೈಯಾವೃತ್ಯ ಬರುತ್ತದೆ. ಸ್ವಾಧ್ಯಾಯ, ಧ್ಯಾನಗಳಿಗಿಂತಲೂ ಮುಂಚೆ ಅದರ ಎಣಿಕೆ. ಸಂಯಮಿಗಳ ಬಳಲಿಕೆಯನ್ನು ನೀಗಿಸಲು ಗುಣಾನುರಾಗದಿಂದ ಮಾಡುವ ಸೇವೆಯೇ ವೈಯಾವೃತ್ಯ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದಾಗಿ ಗಣಿಸಿ, ಆಹಾರದಾನವನ್ನು ಇದರೊಳಗೇ ಸೇರಿಸಿದ್ದಾರೆ. ಮುಖ್ಯವಾಗಿ ಇದು ಮುನಿಗಳನ್ನು ಕುರಿತು ಹೇಳಿದ್ದಾದರೂ, ವ್ರತನಿಷ್ಠರಾದ ಸಾಧರ್ಮಿಗಳ ಸೇವೆಯನ್ನೂ ಇದೇ ದೃಷ್ಟಿಯಿಂದ ಕಾಣಲು ಅಡ್ಡಿಯಿಲ್ಲ.

ದಶಲಕ್ಷಣ ಪರ್ವ ಮುಗಿದ ಮೇಲೆ ಊರೂರಿನ ಬಸದಿಗಳಲ್ಲಿ ಉಪವಾಸ ಮಾಡಿದವರ ಹೆಸರುಗಳನ್ನು ಓದಿ ಹೇಳುತ್ತಾರೆ. ಅದು ಯೋಗ್ಯವೇ. ಆದರೆ ಆ ಹತ್ತು ದಿನಗಳಲ್ಲಿ ಅದೇ ಮನೆಗಳ ತಾಯಂದಿರು ನಡೆಸಿದ ಅಭ್ಯಂತರ ತಪಸ್ಸಿನ ಹೆಸರು ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ. ಮನೆಯವರೂ ಅದನ್ನು ತಪಸ್ಸೆಂದು ಕಾಣುವುದಿಲ್ಲ. ಅಡುಗೆಯೆಂದು ಕರೆದು ಸುಮ್ಮನಾಗುತ್ತಾರೆ.

ಆ ಅಡುಗೆ ಎಂತಹುದೆಂಬುದನ್ನು ಸ್ವಲ್ಪ ನೋಡೋಣ. ನೀರನ್ನು ದಪ್ಪನೆಯ ಬಟ್ಟೆಯನ್ನು ಇಮ್ಮಡಿಸಿ ಸೋಸಬೇಕು. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೋಯಿಸದೆ ಅದೇ ಬಾವಿಗೆ ಇಲ್ಲವೆ ಕೆರೆಗೆ ಮರಳಿ ಬಿಡಬೇಕು. ಸೋಸಿದ ನೀರಿನ ಮರ್ಯಾದೆ ಎರಡು ಘಳಿಗೆ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದರೆ 24 ಗಂಟೆ. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ಕರೆದ ಹಾಲನ್ನು 48 ನಿಮಿಷದೊಳಗೆ ಕಾಯಿಸಬೇಕು. ಧಾನ್ಯವನ್ನು ಬೆಳಕಿನಲ್ಲಿ ಮೊರಕ್ಕೆ ಹಾಕಿ ಕಾಳುಕಾಳಾಗಿ ಶೋಧಿಸಬೇಕು. ಭಾದ್ರಪದದ ತೇವದಲ್ಲಿ ಬೇಳೆಗೆ ಹುಳು ಬೀಳುವುದು ಬೇಗ. ಇಷ್ಟೂ ಲೆಕ್ಕಗಳನ್ನು ಯಾವ ಗಡಿಯಾರವನ್ನೂ ನೋಡದೆ ತಲೆಯಲ್ಲಿ ಇಟ್ಟುಕೊಂಡಿರುವವಳು ತಾಯಿ. ಶಾಸ್ತ್ರಸಭೆಯಲ್ಲಿ ಮರ್ಯಾದೆಗಳ ಪಟ್ಟಿಯನ್ನು ತಡವರಿಸುತ್ತ ಹೇಳುವ ಪುರುಷರನ್ನು ಕಂಡಿದ್ದೇವೆ. ಅದನ್ನು ದಿನವೂ ನಡೆಸುವವಳಿಗೆ ತಡವರಿಸಲು ವ್ಯವಧಾನವಿಲ್ಲ.

ಇದರ ಮೇಲೆ ಸೂರ್ಯನ ಕಟ್ಟಳೆ ಬೇರೆ. ರಾತ್ರಿಯಲ್ಲಿ ಒಲೆ ಹೊತ್ತಿಸುವಂತಿಲ್ಲ, ಬೆಳಗಾದೊಡನೆ ಉಪವಾಸಿಗೆ ಪಾರಣೆ ಸಿದ್ಧವಾಗಿರಬೇಕು. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಸಂಜೆ 6 ಗಂಟೆಯ ಆಚೀಚೆಗೆ ಸೂರ್ಯ ಮುಳುಗುತ್ತಾನೆ. ಕಚೇರಿಯಿಂದ ಬರುವ ಗಂಡ, ಶಾಲೆಯಿಂದ ಬರುವ ಮಕ್ಕಳು, ವೃದ್ಧರಾದ ಅತ್ತೆ ಮಾವಂದಿರು ಎಲ್ಲರ ಊಟವೂ ಅದಕ್ಕೆ ಮುಂಚೆ ಮುಗಿಯಬೇಕು. ಇಂದು ಅನೇಕ ಮನೆಗಳಲ್ಲಿ ತಾಯಿಯೂ ಉದ್ಯೋಗಕ್ಕೆ ಹೋಗುತ್ತಾಳೆ. ಅನಸ್ತಮಿತ ಭೋಜನದ ನಿಯಮ ಇಡೀ ಮನೆಗೆ ಸಲ್ಲುವುದು, ಆದರೆ ಅದಕ್ಕಾಗಿ ಓಡಿಬರುವ ಕಾಲುಗಳು ಅವಳವು.

ಮುನಿಗಳಿಗೆ ಚೌಕ ಹಾಕುವ ದಿನದ ಭಾರವಂತೂ ಹೇಳತೀರದು. ದಿಗಂಬರ ಮುನಿಗಳು ದಿನಕ್ಕೆ ಒಮ್ಮೆ ಮಾತ್ರ, ನಿಂತು, ಪಾಣಿಪಾತ್ರೆಯಲ್ಲಿ ಆಹಾರ ಸ್ವೀಕರಿಸುವವರು. ತುತ್ತಿನಲ್ಲಿ ಒಂದು ಕೂದಲು ಅಥವಾ ಸತ್ತ ಜಂತು ಕಂಡರೆ ಅಂತರಾಯ. ಅವರು ಕೈಬಿಟ್ಟು ಹೊರಡುತ್ತಾರೆ, ಮರುದಿನದವರೆಗೆ ನೀರೂ ಇಲ್ಲ. ದಾತೃವಿಗೆ ಹೇಳಿದ ಏಳು ಗುಣಗಳಲ್ಲಿ ವಿಜ್ಞಾನವೂ ಒಂದು. ಋತು ಯಾವುದು, ಪಾತ್ರರ ದೇಹಪ್ರಕೃತಿ ಏನು, ಯಾವುದು ಜೀರ್ಣವಾದೀತು ಎಂಬ ಅರಿವು ಅದು. ಈ ಅರಿವು ಇರುವ ಸ್ಥಳ ಅಡುಗೆಮನೆಯೇ. ಆಹಾರವು ನಿರಂತರಾಯವಾಗಿ ನಡೆದ ಮೇಲೆ ಯಜಮಾನರಿಗೆ ಅಭಿನಂದನೆ ಸಲ್ಲುವಾಗ, ಕದದ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದವಳನ್ನು ಯಾರೂ ತಿರುಗಿ ನೋಡದಿರುವುದು ಸಾಮಾನ್ಯ.

ಇದು ಕೇವಲ ಕೃತಜ್ಞತೆಯ ಮಾತಾಗಿದ್ದರೆ ಇಷ್ಟಕ್ಕೆ ನಿಲ್ಲಿಸಬಹುದಾಗಿತ್ತು. ಇದರಲ್ಲಿ ವ್ರತದ ಶುದ್ಧಿಯ ಪ್ರಶ್ನೆಯೂ ಅಡಗಿದೆ. ಪ್ರೋಷಧೋಪವಾಸದ ದಿನ ಪಂಚಪಾಪಗಳ ಜೊತೆಗೆ ಅಲಂಕಾರ, ಆರಂಭ ಮೊದಲಾದುವನ್ನೂ ತ್ಯಜಿಸಬೇಕೆಂಬುದು ಸಮಂತಭದ್ರಸ್ವಾಮಿಗಳ ವಿಧಿ. ಕುಟ್ಟುವುದು, ಬೀಸುವುದು, ಒಲೆ ಉರಿಸುವುದು, ನೀರು ತುಂಬುವುದು, ಗುಡಿಸುವುದು ಎಂಬ ಪಂಚಸೂನಗಳು ಆರಂಭದಲ್ಲಿ ಸೇರಿದುವು. ಉಪವಾಸ ಹಿಡಿದ ಪುರುಷನು ಬಸದಿಯಲ್ಲಿ ಸಾಮಾಯಿಕಕ್ಕೆ ಕುಳಿತು ಆರಂಭವನ್ನು ಸುಲಭವಾಗಿ ಬಿಟ್ಟಾನು. ಅದೇ ದಿನ ಉಪವಾಸ ಹಿಡಿದ ತಾಯಿ? ಮಕ್ಕಳಿಗೆ ಅಟ್ಟು ಬಡಿಸುತ್ತಾಳೆ, ಮರುದಿನದ ಪಾರಣೆಗೆ ಅಕ್ಕಿ ಶೋಧಿಸುತ್ತಾಳೆ. ಅನ್ನವನ್ನು ಬಿಟ್ಟಳು, ಆರಂಭವನ್ನು ಬಿಡಲು ಮನೆಯವರು ಅವಳಿಗೆ ಎಡೆಗೊಡಲಿಲ್ಲ. ಅವಳ ವ್ರತದಲ್ಲಿ ಕೊರತೆಯಾಯಿತೆಂದು ಹೇಳುವವರು ಆ ಕೊರತೆ ಯಾರಿಂದ ಎಂಬುದನ್ನೂ ಹೇಳಬೇಕಾಗುತ್ತದೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಈ ವಿಷಯದಲ್ಲಿ ಸಂಶಯಕ್ಕೆ ಎಡೆಯಿಟ್ಟಿಲ್ಲ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು, ಮನ, ವಚನ, ಕಾಯಗಳೆಂಬ ಮೂರು, ಕೃತ, ಕಾರಿತ, ಅನುಮತಗಳೆಂಬ ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108. ತಾನು ಒಲೆ ಮುಟ್ಟದೆ ಇನ್ನೊಬ್ಬರಿಂದ ಉರಿಸಿದವನು ಕಾರಿತದಲ್ಲಿಯೂ, ಉರಿಸಿದ್ದನ್ನು ಮೆಚ್ಚಿದವನು ಅನುಮತದಲ್ಲಿಯೂ ಭಾಗಿ. ಎಂಟು ದಿನ ಬಿಟ್ಟ ರಸಗಳನ್ನೆಲ್ಲ ಒಂಬತ್ತನೆಯ ದಿನ ಒಂದೇ ಎಲೆಯ ಮೇಲೆ ಬೇಡುವ ವ್ರತಿಗಳು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ದೀರ್ಘ ಉಪವಾಸದ ಮೇಲೆ ಹೊಟ್ಟೆಗೂ ಅದು ಹಿತವಲ್ಲ. ಗಂಜಿ, ಹೆಸರುಬೇಳೆಯ ತೊವ್ವೆ ಸಾಕು.

“ಅದು ಅವಳ ಧರ್ಮ, ಹೊಗಳಿದರೆ ಅವಳಿಗೆ ಮಾನಕಷಾಯ ಬಂದೀತು” ಎಂದು ಕೆಲವರು ಹಿರಿಯರು ಆಡುವುದುಂಟು. ಉಪವಾಸಿಗಳಿಗೆ ಹಾರ ಹಾಕಿ ಮೆರವಣಿಗೆ ಮಾಡುವಾಗ ಇದೇ ಭಯ ಏಕೆ ಬರುವುದಿಲ್ಲವೋ ತಿಳಿಯದು. ಇಷ್ಟಕ್ಕೂ ವೈಯಾವೃತ್ಯವು ತಪಸ್ಸಾಗುವುದು ಗುಣಾನುರಾಗದಿಂದ ಮಾಡಿದಾಗ. ಬೇರೆ ದಾರಿಯಿಲ್ಲದೆ, ಬೈಗುಳಕ್ಕೆ ಅಂಜಿ ಮಾಡಿದ ಸೇವೆಯಲ್ಲಿ ಆರ್ತಧ್ಯಾನವೇ ಬೆಳೆಯುತ್ತದೆ. ತಾಯಿಯ ದುಡಿಮೆ ನಿರ್ಜರೆಗೆ ಕಾರಣವಾಗಬೇಕೋ ಬಂಧಕ್ಕೋ ಎಂಬುದರಲ್ಲಿ ಮನೆಯವರ ನಡತೆಗೂ ಪಾಲಿದೆ.

ತೀರ್ಥಂಕರರ ಗರ್ಭಕಲ್ಯಾಣವನ್ನು ನೆನೆಯಿರಿ. ಭಗವಂತನು ಇನ್ನೂ ಜನಿಸದಿರುವಾಗಲೇ ಶ್ರೀ, ಹ್ರೀ, ಧೃತಿ, ಕೀರ್ತಿ, ಬುದ್ಧಿ, ಲಕ್ಷ್ಮಿಯರು ಬಂದು ಜಿನಮಾತೆಯ ಸೇವೆಗೆ ನಿಲ್ಲುತ್ತಾರೆ. ಪಂಪನು 941ರಲ್ಲಿ ರಚಿಸಿದ ಆದಿಪುರಾಣವನ್ನು ಮನೆಯಲ್ಲಿ ಓದಿಸುವವರು ಮರುದೇವಿಯ ಸ್ವಪ್ನಗಳ ಭಾಗವನ್ನು ಓದಿ ಮುಂದೆ ಹೋಗುತ್ತಾರೆ. ದೇವಿಯರ ಪರಿಚರ್ಯೆಯ ಬಳಿ ಸ್ವಲ್ಪ ನಿಲ್ಲಬೇಕು.

ಆಚರಣೆಯಲ್ಲಿ ಮಾಡಬೇಕಾದುದು ದೊಡ್ಡದೇನೂ ಅಲ್ಲ. ತಿಂಗಳಿಗೆ ಎರಡು ಅಷ್ಟಮಿ, ಎರಡು ಚತುರ್ದಶಿ. ಇವುಗಳಲ್ಲಿ ಒಂದು ಪರ್ವದಿನವನ್ನಾದರೂ ತಾಯಿಗೆ ಆರಂಭತ್ಯಾಗದ ಸಹಿತವಾದ ಪ್ರೋಷಧೋಪವಾಸಕ್ಕೆ ಬಿಟ್ಟುಕೊಡಬೇಕು. ಅಂದು ನೀರು ಸೋಸುವುದು, ಮಕ್ಕಳಿಗೆ ಅನ್ನ ಮಾಡುವುದು ಮಗನಿಗೂ ಗಂಡನಿಗೂ ಬರಲಿ. ಗಾಲಿತ ಜಲದ ವಿಧಿ ಸ್ತ್ರೀಯರಿಗೆ ಮಾತ್ರ ಹೇಳಿದ್ದಲ್ಲ. ನೋಂಪಿ ಹಿಡಿಯುವ ಮುನ್ನ ಮನೆಯ ಯಾರೇ ಆಗಲಿ ಅವಳನ್ನು ಕೇಳಿ ಹಿಡಿಯಲಿ. ಉದ್ಯಾಪನೆಯ ದಿನ ವ್ರತಿಯ ಹೆಸರಿನೊಡನೆ ವೈಯಾವೃತ್ಯ ಮಾಡಿದವಳ ಹೆಸರನ್ನೂ ಬಸದಿಯಲ್ಲಿ ಓದಲಿ. ಇನ್ನು ಧಾನ್ಯದ ಶೋಧನೆ. ಅದು ಮಧ್ಯಾಹ್ನದ ಬೆಳಕಿನಲ್ಲಿ ಗಂಟೆಗಟ್ಟಲೆ ನಡೆಯುವ ಕೆಲಸ. ಬಳಿಯಲ್ಲಿ ಕುಳಿತು ರತ್ನಕರಂಡಕದ ಒಂದೆರಡು ಪುಟ ಅರ್ಥಸಹಿತ ಓದುವವರಿದ್ದರೆ ಆ ಹೊತ್ತು ಅವಳಿಗೆ ಸ್ವಾಧ್ಯಾಯವಾಗುತ್ತದೆ. ಓದು ಮುಗಿದ ಮೇಲೆ ಓದಿದವರು ಎರಡನೆಯ ಮೊರವನ್ನು ಕೈಗೆತ್ತಿಕೊಳ್ಳಬಹುದು.